ಅಸುರನ ಭಯ ಎಲ್ಲಿ ಹುಟ್ಟುತ್ತದೆ?

ಪ್ರಶ್ನೆ – ಅರೆಬರೆ ಕಾದಂಬರಿಕಾರ
ಕಲ್ಪಿತ ರಾಜ್ಯವೊಂದರ ಕಥೆಯನ್ನು ಎರಡು ವರ್ಷಗಳಿಂದ ಬರೆಯುತ್ತಿದ್ದೇನೆ. ಅದರ ಖಳನಾದ ಅಸುರನಿಗೆ ಕೊಂಬು, ಕೋರೆಹಲ್ಲು, ಬೆಂಕಿಯುಗುಳುವ ಬಾಯಿ ಎಲ್ಲವನ್ನೂ ಧಾರಾಳವಾಗಿ ಕೊಟ್ಟಿದ್ದೇನೆ. ಮೊದಲ ಅಧ್ಯಾಯದಲ್ಲಿಯೇ ಅವನು ಒಂದು ಊರನ್ನು ಸುಟ್ಟು ಬೂದಿ ಮಾಡುತ್ತಾನೆ. ಆದರೂ ಹಸ್ತಪ್ರತಿ ಓದಿದ ತಂಗಿ, ‘ಅಣ್ಣಾ, ಇವನು ಜಾತ್ರೆಯಲ್ಲಿ ಮಾರುವ ಮುಖವಾಡದ ಹಾಗಿದ್ದಾನೆ’ ಎಂದಳು. ಓದುಗರನ್ನು ನಿಜವಾಗಿ ಹೆದರಿಸುವ ರಾಕ್ಷಸನಲ್ಲಿ ಇರಬೇಕಾದದ್ದೇನು?

ಉತ್ತರ – ಭಾರತ ಓದುವವನು
ತಾವು ಮಹಾಭಾರತದ ಆದಿಪರ್ವದ ಬಕಾಸುರನ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು. ನಮ್ಮೆಲ್ಲರ ನೆನಪಿನಲ್ಲಿ ಉಳಿದಿರುವುದು ಭೀಮನ ಊಟ; ಆದರೆ ಬಕನು ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ ಅಲ್ಲಿ ಭಯ ಮನೆಮಾಡಿರುತ್ತದೆ. ಏಕಚಕ್ರದ ಜನರು ಒಂದು ಬಂಡಿ ಅನ್ನ, ಎರಡು ಕೋಣ ಮತ್ತು ಅವನ್ನು ಒಯ್ಯುವ ಒಬ್ಬ ಮನುಷ್ಯನನ್ನು ಸರದಿಯಂತೆ ಅವನಿಗೆ ಕಳುಹಿಸಬೇಕು. ಒಂದು ಮನೆಯ ಪಾಳಿ ಬರಲು ಎಷ್ಟೋ ವರ್ಷ ಹಿಡಿಯುತ್ತದೆ, ಆದರೆ ಬಂದೇ ಬರುತ್ತದೆ. ಅರಸನು ಕೈಲಾಗದವನಾದ್ದರಿಂದ ನಾಡನ್ನು ಶತ್ರುಗಳಿಂದ ಕಾಯುತ್ತಿರುವವನೂ ಅದೇ ಬಕನೆಂಬುದು ಇನ್ನೂ ಘೋರ. ಪಾಳಿ ಬಂದ ಬ್ರಾಹ್ಮಣನ ಮನೆಯಲ್ಲಿ ಗಂಡ, ಹೆಂಡತಿ, ಮಗಳು ಒಬ್ಬೊಬ್ಬರೂ ‘ನಾನೇ ಸಾಯುತ್ತೇನೆ’ ಎಂದು ಅಳುತ್ತಿರುವಾಗ, ತೊದಲು ಮಾತಿನ ಪುಟ್ಟ ಮಗ ಹುಲ್ಲುಕಡ್ಡಿಯೊಂದನ್ನು ಎತ್ತಿ ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಬಕನು ಎಷ್ಟು ದೊಡ್ಡವನೆಂಬುದು ನನಗೆ ತಿಳಿದದ್ದು ಆ ಕಡ್ಡಿಯಿಂದ.

ಉತ್ತರ – ಬಯಲಾಟದ ಪ್ರೇಕ್ಷಕ
ಒಪ್ಪಿದೆ. ಆದರೂ ರೂಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಯಕ್ಷಗಾನದಲ್ಲಿ ರಾಕ್ಷಸರಾಗುವ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಮತ್ತು ಸುಣ್ಣದ ಚಿಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಾರೆ. ಅಷ್ಟು ಶ್ರಮದ ಮುಖವನ್ನು ರಂಗಸ್ಥಳಕ್ಕೆ ಬಂದ ಕೂಡಲೇ ತೋರಿಸಿಬಿಡುವುದಿಲ್ಲ. ಚೆಂಡೆ ಏರುತ್ತಿರುವಂತೆ ತೆರೆಯ ಹಿಂದಿನಿಂದ ಮೊದಲು ಅಬ್ಬರ ಕೇಳುತ್ತದೆ, ಆಮೇಲೆ ತೆರೆಯ ಅಂಚಿನ ಮೇಲೆ ಕಿರೀಟದ ತುದಿ ಅಲುಗುತ್ತದೆ. ಬಾಲ್ಯದಲ್ಲಿ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದ ನಾನು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದ್ದು ಆ ಹೊತ್ತಿನಲ್ಲಿ. ತೆರೆ ಸರಿದ ಮೇಲೆ, ನಿಜ ಹೇಳಬೇಕೆಂದರೆ, ಅಷ್ಟೇನೂ ಹೆದರಿಕೆಯಾಗಲಿಲ್ಲ. ತಮ್ಮ ಅಸುರನು ಮೊದಲ ಅಧ್ಯಾಯದಲ್ಲಿಯೇ ತೆರೆ ಸರಿಸಿಕೊಂಡು ನಿಂತುಬಿಟ್ಟಿದ್ದಾನೆ.

ಅರೆಬರೆ ಕಾದಂಬರಿಕಾರ
ಇಬ್ಬರಿಗೂ ಧನ್ಯವಾದಗಳು. ಸುಟ್ಟ ಊರನ್ನು ತೆಗೆದುಹಾಕಿದ್ದೇನೆ. ಕೊಂಬುಗಳು ಹತ್ತನೆಯ ಅಧ್ಯಾಯದವರೆಗೆ ಕಾಣಿಸುವುದಿಲ್ಲ. ಒಂದು ಸಂದೇಹ ಮಾತ್ರ ಉಳಿದಿದೆ. ಪಾಳಿ ಬರುವುದು ಗೊತ್ತಿದ್ದೂ ಆ ಮನೆಯವರು ಊರು ಬಿಡಲಿಲ್ಲವೇಕೆ? ನನ್ನ ಓದುಗರೂ ಇದನ್ನೇ ಕೇಳುತ್ತಾರೆ.

ಭಾರತ ಓದುವವನು
ಪಾಳಿ ತಪ್ಪಿಸಿಕೊಳ್ಳಲು ನೋಡಿದವರನ್ನು ಬಕನು ಹೆಂಡತಿ ಮಕ್ಕಳ ಸಮೇತ ತಿನ್ನುತ್ತಾನೆ ಎಂಬುದು ಒಂದು ಕಾರಣ. ನನಗೆ ಹೆಚ್ಚು ನಾಟಿದ್ದು ಇನ್ನೊಂದು. ಬೇರೆಡೆಗೆ ಹೋಗೋಣವೆಂದು ಆ ಬ್ರಾಹ್ಮಣನು ಹಿಂದೆಯೇ ಹೆಂಡತಿಯನ್ನು ಬೇಡಿಕೊಂಡಿದ್ದ. ತಾನು ಹುಟ್ಟಿ ಬೆಳೆದದ್ದು ಇಲ್ಲಿ, ತನ್ನ ತಂದೆ ಇರುವುದೂ ಇಲ್ಲಿ ಎಂದು ಆಕೆ ಒಪ್ಪಿರಲಿಲ್ಲ.