ಪುದೀನ ಇಲ್ಲದ ಮಿಂಟ್ ಬಾಯಲ್ಲಿ ತಣ್ಣಗಾಗೋದು ಹೇಗೆ?

ಪ್ರಶ್ನೆ:
ನನಗೆ ಪೆಪ್ಪರ್‌ಮಿಂಟ್ ಚಟ ಜಾಸ್ತಿ. ಜೇಬಲ್ಲಿ ಯಾವಾಗಲೂ ಒಂದು ಡಬ್ಬಿ ಇದ್ದೇ ಇರುತ್ತದೆ. ಈಚೆಗೆ ಶುಗರ್‌ಫ್ರೀ ಕಿತ್ತಳೆ ಮಿಂಟ್ ತಗೊಂಡೆ. ಡಬ್ಬಿ ಹಿಂದಿನ ಪಟ್ಟಿಯಲ್ಲಿ ಪುದೀನ ಎಣ್ಣೆ ಇಲ್ಲ, ಮೆಂಥಾಲ್ ಇಲ್ಲ. ಆದರೂ ನಾಲಿಗೆ ಮೇಲಿಟ್ಟ ತಕ್ಷಣ ತಣ್ಣಗೆ! ಮೊದಲ ಹೆಸರು ಕ್ಸೈಲಿಟಾಲ್, ಸಕ್ಕರೆ ಬದಲಿಗೆ ಹಾಕುವ ಸಿಹಿ ಪದಾರ್ಥ. ಇದೆಲ್ಲ ಅದರದ್ದೇ ಕೆಲಸವಾ? ಹಾಗೇ, ಸ್ಪಿಯರ್‌ಮಿಂಟ್ ಯಾಕೆ ಪೆಪ್ಪರ್‌ಮಿಂಟ್‌ನಷ್ಟು ಕೊರೆಯುವುದಿಲ್ಲ?

ಉತ್ತರ 1:
ಹೌದು, ಅದರದ್ದೇ. ಕ್ಸೈಲಿಟಾಲ್ ಎಂಜಲಲ್ಲಿ ಕರಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತದೆ. ಹಾಗಾಗಿ ನಾಲಿಗೆ ನಿಜವಾಗಿಯೂ ಸ್ವಲ್ಪ ತಣ್ಣಗಾಗುತ್ತದೆ. ಮೆಂಥಾಲ್ ಆಟವೇ ಬೇರೆ. ಅದು ಏನನ್ನೂ ತಣಿಸುವುದಿಲ್ಲ. ಚಳಿ ಗುರುತಿಸುವ ನರಗಳಲ್ಲಿ ಟಿಆರ್‌ಪಿಎಂ8 ಅನ್ನೋ ಪ್ರೋಟೀನ್ ಇದೆ, ಅದನ್ನು ಸುಮ್ನೆ ಕೆಣಕುತ್ತದೆ. ಮಿಂಟ್ ತಿಂದು ನೀರು ಕುಡಿದರೆ ಬಾಯಿ ಜುಮ್ ಅನ್ನುತ್ತದಲ್ವಾ, ಅದಕ್ಕೇ. ಸ್ಪಿಯರ್‌ಮಿಂಟ್‌ನಲ್ಲಿ ಮೆಂಥಾಲ್ ತೀರಾ ಕಡಿಮೆ. ಅದರ ಘಮ ಕಾರ್ವೋನ್ ಅನ್ನೋ ಬೇರೆ ಅಂಶದ್ದು.

ಉತ್ತರ 2:
ಮನೆಯಲ್ಲಿ ನಾಯಿ ಇದ್ದರೆ ಆ ಡಬ್ಬಿ ಎತ್ತರದಲ್ಲಿಡಿ. ಕ್ಸೈಲಿಟಾಲ್ ನಾಯಿಗೆ ವಿಷ, ರಕ್ತದ ಸಕ್ಕರೆ ದಿಢೀರ್ ಅಂತ ಇಳಿಯುತ್ತದೆ. ನಾವೂ ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ.

ಉತ್ತರ 3:
ಕ್ಸೈಲಿಟಾಲ್ ಹಾಕಿ ಕುಕೀಸ್ ಮಾಡಿದರೆ ಸಿಹಿ ಬರುತ್ತದೆ, ಸಕ್ಕರೆಯ ಹಾಗೆ ಕಂದು ಬಣ್ಣ ಬರುವುದಿಲ್ಲ. ಬೆಣ್ಣೆ ಬಿಸ್ಕತ್ತು ಬಾಯಲ್ಲಿ ತಣ್ಣಗಾದರೆ ನನಗಂತೂ ಸೇರಲ್ಲ.

ಪ್ರಶ್ನೆ ಕೇಳಿದವರು:
ಎರಿತ್ರಿಟಾಲ್ ಅನ್ನೋ ಇನ್ನೊಂದು ಸಿಹಿ ಪದಾರ್ಥಕ್ಕೂ ಹೀಗೇನಾ?

ಉತ್ತರ 1:
ಅದೂ ತಣ್ಣಗೇ. ಇಂಥದ್ದೇ ಇನ್ನೊಂದು, ಮಾಲ್ಟಿಟಾಲ್‌ನಲ್ಲಿ ಈ ಕಾಟ ಕಡಿಮೆ. ಶುಗರ್‌ಫ್ರೀ ಚಾಕೊಲೇಟಿನ ಪಟ್ಟಿ ನೋಡಿ, ಅದೇ ಹೆಚ್ಚಾಗಿ ಸಿಗುತ್ತದೆ.