ಸಹಾಯ ಬೇಕು: ಕರಾಟೆ ಕ್ಲಬ್ಬಿನ ಜಾಲತಾಣದಲ್ಲಿ ‘ನುಡಿ’ ಫಾಂಟಿನ ಅಕ್ಷರಗಳ ತೊಡಕು

ಎಲ್ಲರಿಗೂ ನಮಸ್ಕಾರ. ವಿಜಯಪುರದ ನಮ್ಮ ಬಡಾವಣೆಯ ಕರಾಟೆ ಕ್ಲಬ್ಬಿಗೆ ನಾವು ಮೂವರು ಪಾಲಕರು ಬಿಡುವಿನ ವೇಳೆಯಲ್ಲಿ, ಸಂಭಾವನೆಯಿಲ್ಲದೆ, ವರ್ಡ್‌ಪ್ರೆಸ್ ಬಳಸಿ ಜಾಲತಾಣವೊಂದನ್ನು ರೂಪಿಸುತ್ತಿದ್ದೇವೆ. ವೇಳಾಪಟ್ಟಿ, ಶುಲ್ಕದ ಪುಟಗಳು ಸಿದ್ಧವಾಗಿವೆ. ತೊಡಕಾಗಿರುವುದು ಬೆಲ್ಟ್ ಪರೀಕ್ಷೆಯ ಪಠ್ಯಕ್ರಮ: ಬಿಳಿ ಬೆಲ್ಟಿನಿಂದ ಕಪ್ಪು ಬೆಲ್ಟಿನವರೆಗಿನ ಕಿಹೊನ್ (ಮೂಲ ಪಟ್ಟುಗಳು), ಕಟಾ (ನಿಗದಿತ ಚಲನೆಗಳ ಸರಣಿ), ಕುಮಿಟೆ (ಎದುರಾಳಿಯೊಂದಿಗಿನ ಸೆಣಸಾಟ) ವಿವರಗಳನ್ನು ನಮ್ಮ ಗುರುಗಳು ಹಲವು ವರ್ಷಗಳ ಹಿಂದೆ ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ರೋಮನ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡ ತೋರಿಸುವಂಥದು) ಬೆರಳಚ್ಚು ಮಾಡಿಸಿದ್ದು, ಅವನ್ನು ಪುಟಕ್ಕೆ ಅಂಟಿಸಿದೊಡನೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣಿಸುತ್ತವೆ. ಯೂನಿಕೋಡ್‌ಗೆ (ಜಾಲತಾಣಗಳು ಬಳಸುವ ಅಕ್ಷರ ಸಂಕೇತಕ್ಕೆ) ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಕನ್ನಡವೇನೋ ಸರಿಯಾಗುತ್ತದೆ. ಆದರೆ ನಡುನಡುವೆ ಇಂಗ್ಲಿಷ್ ಲಿಪಿಯಲ್ಲಿರುವ ಕಟಾಗಳ ಹೆಸರುಗಳೂ ಕನ್ನಡದ ಅಕ್ಷರಗಳಾಗಿ ಮಾರ್ಪಟ್ಟು ಕೆಡುತ್ತವೆ (‘ಹೆಯಾನ್ ಶೋದಾನ್’ ಈಗ ಯಾವ ಭಾಷೆಯದೂ ಅಲ್ಲ). ಕೋಷ್ಟಕ ಚದುರದಂತೆ, ಕನ್ನಡದ ಭಾಗವನ್ನಷ್ಟೇ ಪರಿವರ್ತಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಒಟ್ಟು ಹದಿನಾಲ್ಕು ಪುಟಗಳಿದ್ದು, ಮಾದರಿಗೆ ಒಂದು ಪುಟವನ್ನು ಕಳುಹಿಸಬಲ್ಲೆವು.