ಪದಚರ್ಚೆ: ಬೇಜಾರು, ತಲೆಬಿಸಿ, ಆತಂಕ, ಕಳವಳ

ಗೆಳೆಯರೇ,

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರಿಗಾಗಿ ಒಂದು ಮಲಯಾಳ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಆಂಗ್ಸೈಟಿ, ಅಂದರೆ ಬಿಡದೆ ಕಾಡುವ ಚಿಂತೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮಲಯಾಳದಲ್ಲಿ ಅದಕ್ಕೆ ‘ಉತ್ಕಂಠ’ ಅನ್ನುತ್ತಾರೆ. ಹಾಗೇ ಇಳಿಸಿದರೆ ನಮ್ಮ ‘ಉತ್ಕಂಠೆ’ ಆಗುತ್ತದೆ, ಅಂದರೆ ಹಂಬಲ. ಅದಕ್ಕೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ, ಅಲ್ವಾ?

ಪತ್ರಿಕೆಗಳಲ್ಲಿ ‘ಆತಂಕ’ ಓಡುತ್ತಿದೆ. ನನಗೆ ಅದು ಒಗ್ಗುತ್ತಿಲ್ಲ. ಮುಳ್ಳೇರಿಯ ಕಡೆ ತೋಟಕ್ಕೆ ಕಾಡಾನೆ ನುಗ್ಗಿದರೆ ‘ಜನರಲ್ಲಿ ಆತಂಕ’ ಅಂತ ಸುದ್ದಿ ಬರುತ್ತದೆ. ‘ಅಡ್ಡಿ ಆತಂಕ’ ಅನ್ನುವಾಗ ಅದು ಬರೀ ತೊಡಕು. ಅಡುಗೆಮನೆಯಲ್ಲಿ ನಿಂತು ‘ನನಗೆ ಆತಂಕ ಆಗುತ್ತಿದೆ’ ಅಂದವರನ್ನು ನಾನಂತೂ ಕಂಡಿಲ್ಲ.

ಅಲ್ಲಿ ಕೇಳಿಬರುವುದು ‘ತಲೆಬಿಸಿ’. ತುಳುವಿನಲ್ಲಿ ತರೆಬೆಚ್ಚ, ಹವ್ಯಕರ ಮನೆಗಳಲ್ಲಿ ತಲೆಬೆಶಿ. ಆದರೆ ತಲೆಬಿಸಿಗೆ ಒಂದು ಕಾರಣ ಇರುತ್ತದೆ: ಅಡಿಕೆಗೆ ಕೊಳೆರೋಗ, ಬ್ಯಾಂಕಿನ ಕಂತು, ಮಗಳ ಪರೀಕ್ಷೆ. ಕಾರಣ ತೀರಿದರೆ ತಲೆ ತಣ್ಣಗಾಗುತ್ತದೆ. ನಾನು ಹೇಳಬೇಕಾದದ್ದು ಕಂತು ಕಟ್ಟಿದ ಮೇಲೂ ಬಿಡದ್ದು, ಒಂದು ಚಿಂತೆ ಮುಗಿದ ಕೂಡಲೇ ಇನ್ನೊಂದಕ್ಕೆ ಜೋತುಬೀಳುವಂಥದ್ದು. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಡಿಎಸ್ಎಂ-5ರ ಪ್ರಕಾರ ಈ ಬಗೆಯ ಚಿಂತೆಯನ್ನು ಕಾಯಿಲೆ ಅನ್ನಬೇಕಾದರೆ ಕನಿಷ್ಠ ಆರು ತಿಂಗಳು, ಹೆಚ್ಚಿನ ದಿನಗಳಲ್ಲಿ ಅದು ಕಾಡಿರಬೇಕು. ದಿನದ ಕೆಲಸ ಕೆಡಿಸಬೇಕು, ಇಲ್ಲವೇ ತುಂಬ ಸಂಕಟ ಕೊಡಬೇಕು.

ಇನ್ನು ‘ಬೇಜಾರು’. ನನಗೆ ಜಾಸ್ತಿ ಕಾಟ ಕೊಟ್ಟದ್ದು ಇದೇ. ನಮ್ಮ ನೆರೆಮನೆಯ ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಫೋನ್ ಎತ್ತದಿದ್ದರೆ ಅಕ್ಕನಿಗೆ ಗಂಜಿ ಇಳಿಯುವುದಿಲ್ಲ. ಕುಂಬಳೆಗೆ ಹೊರಟವರು ಗ್ಯಾಸ್ ಆಫ್ ಮಾಡಿದೆನಾ ಅಂತ ಅರ್ಧ ದಾರಿಯಿಂದ ತಿರುಗಿ ಬರುತ್ತಾರೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಈಚೆಗೆ ಮದುವೆಗೂ ಇಲ್ಲ, ಭೂತಕೋಲಕ್ಕೂ ಇಲ್ಲ. ಎದೆ ಡವಡವ, ಅಂಗೈ ಬೆವರು, ರಾತ್ರಿ ನಿದ್ದೆ ಹತ್ತುವುದಿಲ್ಲ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದ್ದಾಯಿತು. ಇಸಿಜಿಯೂ ಆಯಿತು, ಅದರಲ್ಲಿ ಏನೂ ಇಲ್ಲ. ಏನಾಗುತ್ತದೆ ಅಂತ ಕೇಳಿದರೆ ‘ಒಂಥರಾ ಬೇಜಾರು’ ಅನ್ನುತ್ತಾರೆ.

ಮೈಸೂರು ಕಡೆಯವರು ಇದನ್ನು ಕೇಳಿದರೆ ಹೊತ್ತು ಹೋಗುತ್ತಿಲ್ಲ, ಇಲ್ಲವೇ ಮನಸ್ಸಿಗೆ ನೋವಾಗಿದೆ ಅಂದುಕೊಳ್ಳುತ್ತಾರೆ. ಮೂಲದ ಪಾರಸಿ ‘ಬೇಜಾರ್’ ಅಂದರೂ ರೋಸಿಹೋದವ ಅಂತ. ಆದರೆ ಉತ್ತರ ಮಲಬಾರಿನ ಮಲಯಾಳದಲ್ಲಿ ‘ಬೇಜಾರ್’ ಅಂದರೆ ಗಾಬರಿ, ಚಿಂತೆ. ‘ಬೇಜಾರಾಕಂಡ’ ಅಂದರೆ ಗಾಬರಿ ಬೇಡ. ಅಕ್ಕನ ಮಾತು ಮಲಯಾಳ ಬಲ್ಲ ನರ್ಸಿಗೆ ಸರಿಯಾಗಿ ತಾಗುತ್ತದೆ, ಘಟ್ಟದ ಮೇಲಿನ ಕನ್ನಡಿಗರಿಗೆ ತಪ್ಪುತ್ತದೆ! ಗಡಿಯ ಕನ್ನಡ ಅಂದರೆ ಹೀಗೇ ಇರಬೇಕು.

‘ಗಾಬರಿ’ಯನ್ನು ಪ್ಯಾನಿಕ್ ಅಟ್ಯಾಕಿಗೆ ಮೀಸಲಿಟ್ಟಿದ್ದೇನೆ. ಅದು ಒಮ್ಮೆಲೇ ಏರಿ, ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ‘ಹೆದರಿಕೆ’ಗೆ ಎದುರಿಗೆ ಹಾವೋ ನಾಯಿಯೋ ಇರಬೇಕು. ಆಂಗ್ಸೈಟಿಯಲ್ಲಿ ಎದುರಿಗೆ ಏನೂ ಇರುವುದಿಲ್ಲ, ಆದರೂ ಅಡ್ರಿನಲಿನ್ ಹರಿದು ಮೈ ಓಡಲು ತಯಾರಾಗಿ ನಿಲ್ಲುತ್ತದೆ.

ಇನ್ನೊಂದು ತೊಡಕು, ಆಂಗ್ಸೈಟಿ ಎಷ್ಟಿದೆ ಅಂತ ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿಯದ್ದು. 2006ರಲ್ಲಿ ಬಂದದ್ದು, ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ. ಮೊದಲ ಪ್ರಶ್ನೆಯಲ್ಲೇ ನರ್ವಸ್, ಆಂಗ್ಷಸ್, ಆನ್ ಎಡ್ಜ್ ಅಂತ ಮೂರು ಮಾತು. ಕೊನೆಯದನ್ನು ‘ಅಂಚಿನಲ್ಲಿ ಇದ್ದಂತೆ’ ಅಂತ ಬರೆದರೆ ನಮ್ಮವರು ಹೊಳೆಯ ಬದಿಗೆ ಹೋಗಿದ್ದಿರಾ ಅಂತ ಕೇಳಿದ್ದು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ಚಡಪಡಿಕೆ’ ಅಂತ ಹಾಕೋಣ ಅಂದರೆ, ಒಂದೆಡೆ ಕೂರಲಾಗದಷ್ಟು ಚಡಪಡಿಕೆ ಅಂತ ಮುಂದೆ ಬೇರೆಯೇ ಪ್ರಶ್ನೆ ಇದೆ.

ತಲೆಬರಹಕ್ಕೆ ನನ್ನ ಒಲವು ‘ಬಿಡದ ಕಳವಳ’ದ ಕಡೆಗೆ. ಕಳವಳ ವ್ಯಕ್ತಪಡಿಸುವ ಕೆಲಸವನ್ನು ಮಂತ್ರಿಗಳು ಗುತ್ತಿಗೆ ಹಿಡಿದಿದ್ದಾರೆ, ಅದೊಂದೇ ಅಳುಕು. ಒಳಗೆಲ್ಲ ಎದೆ ಡವಡವ, ನಿದ್ದೆ ಇಲ್ಲ ಅಂತ ಮೈಯ ಮಾತನ್ನೇ ಬರೆದಿದ್ದೇನೆ. ಕೊನೆಗೆ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆ ಇದೆ. ಅಲ್ಲಿಗೆ ಕರೆ ಮಾಡಿದವರ ಬಾಯಲ್ಲಿ ಮೊದಲು ಬರುವ ಮಾತು ಕರಪತ್ರದಲ್ಲೂ ಇರಬೇಕು ಅಂತ ನನ್ನ ಆಸೆ.

ನಮ್ಮ ಹಾಗೇ ಗಡಿಯಲ್ಲಿರುವ ತಾಳವಾಡಿ, ಹೊಸೂರು, ಅಕ್ಕಲಕೋಟೆ, ಮಡಕಶಿರಾ ಕಡೆಯವರು ಇಲ್ಲಿದ್ದರೆ ಹೇಳಿ: ‘ಕಳವಳ’ ಅಂದರೆ ನಿಮ್ಮಲ್ಲಿ ಮೈಗೂ ಆಗುವಂಥದ್ದೇ, ಬರೀ ಮನಸ್ಸಿನದ್ದೇ? ಕಾರಣ ಇಲ್ಲದೆ ಎದೆ ಹೊಡೆದುಕೊಂಡಾಗ ಮನೆಯ ಹಿರಿಯರು ಏನನ್ನುತ್ತಾರೆ? ನಿಘಂಟಿನ ಅರ್ಥ ನನ್ನ ಹತ್ತಿರ ಇದೆ, ಕಿವಿಯಾರೆ ಕೇಳಿದ್ದನ್ನು ಬರೆಯಿರಿ.